ನೀಲವ್ವನಿಂದ ಬಚ್ಚಿಟ್ಟ ಸುಳಿವು

ನೀಲವ್ವನ ಕೈ ನಿಧಾನವಾಗಿರಲಿಲ್ಲ. ನಿಧಾನ ಎಂದು ಅವಳಿಗೆ ಹೇಳಿದವಳು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಬಾಯಿ ತಪ್ಪಿ ಬಂದದ್ದಲ್ಲ, ಸಿಟ್ಟಿನಲ್ಲಿ ಆಡಿದ್ದೂ ಅಲ್ಲ— ಅವಳು ನನ್ನನ್ನು ನಂಬಿ ಕೇಳಿದಳು, ನಾನು ಒಂದು ಗಳಿಗೆ ಯೋಚಿಸಿ, ಅವಳ ಮುಖ ನೋಡಿಕೊಂಡೇ ಹೇಳಿದೆ. ಆ ಮಾತಿನಿಂದ ನನಗೆ ಕೆಲಸ ಸಿಕ್ಕಿತು, ಹೆಸರು ಬಂತು, ಇವತ್ತು ಹುಡುಗಿಯರು ‘ಮೇಡಂ’ ಎಂದು ಕರೆಯುವ ಬದುಕು ಬಂತು. ಅವಳಿಗೆ ಬಂದದ್ದು— ಅದನ್ನೇ ಬರೆಯಬೇಕೆಂದು ಕೂತಿದ್ದೇನೆ.

ಈ ಶತಮಾನ ಆರಂಭವಾದ ಹೊಸತು. ವಿಜಯನಗರದಲ್ಲಿ ಮೆಟ್ರೋ ಕಂಬಗಳು ಏಳಲು ಇನ್ನೂ ಎಷ್ಟೋ ವರ್ಷ ಇತ್ತು. ಮಾರುಕಟ್ಟೆ ರಸ್ತೆಯಲ್ಲಿ ನಮ್ಮಪ್ಪನ ಹಿಟ್ಟಿನ ಗಿರಣಿ. ನಾನು ಡಿಗ್ರಿಯಲ್ಲಿ ಫೇಲಾಗಿ ಮನೆಯಲ್ಲಿದ್ದೆ; ಅಮ್ಮ ನನ್ನ ಜಾತಕ ಹಿಡಿದುಕೊಂಡು ನೆಂಟರ ಮನೆಗಳನ್ನು ಸುತ್ತುತ್ತಿದ್ದಳು. ನನಗೆ ಚೆನ್ನಾಗಿ ಬರುತ್ತಿದ್ದದ್ದು ಒಂದೇ, ಕರಾಟೆ. ಹೈಸ್ಕೂಲಿನಿಂದಲೂ ಬಸವೇಶ್ವರನಗರದ ಒಂದು ಕಲ್ಯಾಣ ಮಂಟಪದ ತಾರಸಿಯ ಮೇಲೆ ನಡೆಯುತ್ತಿದ್ದ ತರಗತಿಗೆ ಹೋಗುತ್ತಿದ್ದೆ. ಕೆಳಗೆ ಮದುವೆ ಇದ್ದರೆ ನಮಗೆ ರಜೆ. ಮಾರನೆಯ ದಿನ ಬಂದರೆ ತಾರಸಿಯ ತುಂಬ ಒಣಗಲು ಹಾಕಿದ ಪಾತ್ರೆಗಳು, ಅವನ್ನು ಒಂದು ಬದಿಗೆ ಸರಿಸಿ ನಮ್ಮ ಅಭ್ಯಾಸ.

ನಮ್ಮ ಮಾಸ್ಟರ್ ಹಗಲೆಲ್ಲ ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ನಡೆಸಿ ಸಂಜೆ ನಮಗೆ ಪಾಠ ಮಾಡುತ್ತಿದ್ದರು. ಅವರಿಗೆ ಒಂದೇ ಹಟ— ಏಟು ಹೊರಡುವ ಮುನ್ನ ಅದರ ಸುಳಿವು ಎದುರಿಗಿರುವವರಿಗೆ ಸಿಗಬಾರದು. “ಟೆಲಿಗ್ರಾಂ ಕೊಟ್ಟು ಯಾರಾದ್ರೂ ಹೊಡೀತಾರೇನ್ರಮ್ಮ?” ಎಂದು ರೇಗುತ್ತಿದ್ದರು. ಹೊಡೆಯುವ ಮುನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡರೆ ಅದೊಂದು ಟೆಲಿಗ್ರಾಂ. ಭುಜ ಎತ್ತಿದರೆ ಇನ್ನೊಂದು. ಹೊಡೆಯುವ ಜಾಗವನ್ನೇ ದಿಟ್ಟಿಸುವುದು, ಹಲ್ಲು ಕಚ್ಚುವುದು, ಮುಷ್ಟಿಯನ್ನು ಮೊದಲೇ ಬಿಗಿಯುವುದು— ಎಲ್ಲವೂ ಟೆಲಿಗ್ರಾಂಗಳೇ. ಕೈ ಇದ್ದಲ್ಲಿಂದಲೇ ಹೊರಡಬೇಕು, ಕಾಲಿಗಿಂತ ಸೊಂಟಕ್ಕಿಂತ ಮೊದಲು ಹೊರಡಬೇಕು, ತಲುಪುವ ಹೊತ್ತಿಗಷ್ಟೇ ಮುಷ್ಟಿ ಬಿಗಿಯಬೇಕು.

“ಬೀದೀಲಿ ನಿಮಗಿಂತ ಬಲ ಇರೋನೇ ಸಿಗೋದು. ಅವನಿಗೆ ಗೊತ್ತಾಗೋ ಹೊತ್ತಿಗೆ ಏಟು ಬಿದ್ದಿರ್ಬೇಕು, ನೀವು ಓಡಿರ್ಬೇಕು. ಅಷ್ಟೇ ನಿಮ್ಮ ಕರಾಟೆ,” ಎನ್ನುತ್ತಿದ್ದರು.

ನೀಲವ್ವ ಬಂದದ್ದು ಒಂದು ಭಾನುವಾರ. ಬಾದಾಮಿ ಕಡೆಯ ಹಳ್ಳಿಯವಳು, ನನ್ನದೇ ವಯಸ್ಸು. ಅಣ್ಣ ನಾಗರಬಾವಿಯ ಹೊಸ ಲೇಔಟುಗಳಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಅವಳು ನಾಯಂಡಹಳ್ಳಿಯ ಹತ್ತಿರ ಒಂದು ಗಾರ್ಮೆಂಟ್ಸ್‌ನಲ್ಲಿ ಗುಂಡಿ ಹೊಲಿಯುತ್ತಿದ್ದಳು. ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು, ಚಪ್ಪಲಿಯನ್ನು ಮೆಟ್ಟಿಲ ಹತ್ತಿರ ನೀಟಾಗಿ ಜೋಡಿಸಿಟ್ಟು, ಸೀದಾ ಮಾಸ್ಟರ್ ಮುಂದೆ ನಿಂತಳು.

“ಸರ, ನಂಗ ಒಂದ ಹೊಡ್ತ ಕಲಿಸ್ರಿ, ಸಾಕು. ಭಾಳ ಬ್ಯಾಡ.”

ನಾವೆಲ್ಲ ನಕ್ಕೆವು. ಮಾಸ್ಟರ್ ನಗಲಿಲ್ಲ. “ಯಾಕಮ್ಮಾ?” ಎಂದು ಕೇಳಿದರು. ಅವಳು ನೆಲ ನೋಡುತ್ತ ಹೇಳಿದಳು— ಕೆಲಸ ಮುಗಿಸಿ ಮನೆಗೆ ನಡೆಯುವ ದಾರಿಯಲ್ಲಿ ಗೋಡೌನುಗಳ ಸಾಲು. ಅಲ್ಲಿ ಒಬ್ಬ ದಿನಾ ಹಿಂದೆ ಬರುತ್ತಾನೆ, ಮೊದಮೊದಲು ಮಾತಾಡುತ್ತಿದ್ದ, ಈಗ ಮೈಗೆ ತಾಗಿಕೊಂಡು ನಡೆಯುತ್ತಾನೆ. ಅಣ್ಣನಿಗೆ ಹೇಳಿದರೆ ಕೆಲಸ ಬಿಡಿಸುತ್ತಾನೆ. ಕೆಲಸ ಬಿಡಲು ಅವಳಿಗೆ ಇಷ್ಟವಿಲ್ಲ.

ಮಾಸ್ಟರ್ ಅವಳಿಗೆ ನೆಟ್ಟಗೆ ಹೋಗುವ ಒಂದು ಬಲಗೈ ಪಂಚನ್ನು ತೋರಿಸಿದರು. ಅವಳು ಅದನ್ನು ಗಾಳಿಗೆ ಹೊಡೆದು ತೋರಿಸಿದಾಗ ತಾರಸಿಯಲ್ಲಿದ್ದವರೆಲ್ಲ ಸುಮ್ಮನಾದರು. ಕೈ ಹೋದದ್ದು ಕಾಣಲಿಲ್ಲ. ವಾಪಸ್ ಬಂದು ನಿಂತದ್ದಷ್ಟೇ ಕಂಡಿತು.

“ಎಲ್ಲಮ್ಮಾ ಕಲ್ತೆ ಇದನ್ನ?”

“ಎಲ್ಲೂ ಇಲ್ರಿ ಸರ. ಸಣ್ಣಾಕಿ ಇದ್ದಾಗಿಂದ ರೊಟ್ಟಿ ಬಡೀತೀನ್ರಿ.”

ಆಗ ಮಾಸ್ಟರ್ ನಕ್ಕರು. ನನಗೆ ನಗು ಬರಲಿಲ್ಲ. ಆ ತಾರಸಿಯಲ್ಲಿ ಅದುವರೆಗೆ ಎಲ್ಲರಿಗಿಂತ ವೇಗದ ಕೈ ನನ್ನದಾಗಿತ್ತು.

ಆದರೂ ನಾವು ಗೆಳತಿಯರಾದೆವು, ಅದು ಸುಳ್ಳಲ್ಲ. ಬೇರೆ ಹುಡುಗಿಯರು ಅವಳ ಹೆಸರನ್ನು ನೀಲಾ ಎಂದು ಕತ್ತರಿಸಿದರು. ನಾನು ನೀಲವ್ವ ಎಂದೇ ಕರೆದೆ, ಅದು ಅವಳಿಗೆ ಹಿಡಿಸಿತು. ಅವಳ ಜೋಳವನ್ನು ನಮ್ಮ ಗಿರಣಿಯಲ್ಲೇ ಬೀಸಿ ಕೊಡುತ್ತಿದ್ದೆ. ಅವಳು ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದಳು. ನಮ್ಮಮ್ಮ ಅದನ್ನು ತಿಂದು, “ಈ ಹುಡುಗೀನ ನೋಡಿ ಕಲಿಯೇ, ನಿಂಗೆ ಮುದ್ದೆ ತೊಳಸೋಕೂ ಬರಲ್ಲ” ಎಂದು ನನ್ನನ್ನು ಬೈಯುತ್ತಿದ್ದಳು.

ಮಾಸ್ಟರ್ ನಮ್ಮಿಬ್ಬರನ್ನು ಎದುರುಬದುರು ನಿಲ್ಲಿಸಲು ತೊಡಗಿದ ಮೇಲೆ ನಾನು ಆ ವಿಷಯ ಕಂಡುಕೊಂಡೆ. ಮೊದಲ ಕೆಲವು ದಿನ ಅವಳ ಏಟುಗಳು ನನ್ನ ಮುಖದ ಮುಂದೆ ಬಂದು ನಿಲ್ಲುತ್ತಿದ್ದವು, ನಾನು ಕೈ ಎತ್ತುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಆಮೇಲೊಂದು ದಿನ— ಅವಳ ಎದೆಯ ಮೇಲ್ಭಾಗದಲ್ಲಿ ದೃಷ್ಟಿಯಿಟ್ಟು ನಿಂತಿದ್ದೆ, ಹಾಗೇ ನಿಲ್ಲಬೇಕೆಂದು ನಮಗೆ ಕಲಿಸಿದ್ದರು— ಅವಳ ಗಂಟಲು ಒಮ್ಮೆ ಮೇಲಕ್ಕೆ ಹೋಗಿ ಇಳಿಯಿತು. ಮರುಕ್ಷಣ ಏಟು ಬಂತು. ಇನ್ನೊಮ್ಮೆ ನೋಡಿದೆ. ಗಂಟಲು, ಆಮೇಲೆ ಏಟು. ಪ್ರತಿಸಲವೂ ಹಾಗೆಯೇ. ಹೊಡೆಯುವ ಮುನ್ನ ನೀಲವ್ವ ಎಂಜಲು ನುಂಗುತ್ತಿದ್ದಳು.

ಅದು ಅವಳಿಗೆ ಗೊತ್ತಿರಲಿಲ್ಲ. ಇನ್ನೊಬ್ಬರ ಮೇಲೆ ಕೈ ಮಾಡುವುದು ರೂಢಿಯಿಲ್ಲದವಳು. ಪ್ರತಿ ಏಟಿಗೂ ಒಳಗೊಳಗೆ ಏನನ್ನೋ ಗಟ್ಟಿ ಮಾಡಿಕೊಳ್ಳುತ್ತಿದ್ದಳೇನೋ. ಮಾಸ್ಟರ್ ಯಾವಾಗಲೂ ಪಕ್ಕದಲ್ಲಿ ನಿಂತು ಭುಜ, ಮೊಣಕೈ, ಕಾಲು ನೋಡುತ್ತಿದ್ದರು. ಅವೆಲ್ಲ ಸರಿಯಾಗಿದ್ದವು. ಗಂಟಲು ಕಾಣುವುದು ಎದುರಿಗೆ ನಿಂತವಳಿಗೆ ಮಾತ್ರ. ಉಳಿದ ಹುಡುಗಿಯರು ಅವಳ ಕೈ ಏಳುವ ಮುಂಚೆಯೇ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹೀಗಾಗಿ ಅದು ನನ್ನೊಬ್ಬಳ ಸೊತ್ತಾಯಿತು.

ಅಂದಿನಿಂದ ಅವಳ ಒಂದು ಏಟೂ ನನ್ನನ್ನು ಮುಟ್ಟಲಿಲ್ಲ. ಎಲ್ಲವನ್ನೂ ತಡೆದೆ. ಮಾಸ್ಟರ್ ಬೆರಗಾಗಿ, “ಭೇಷ್ ಉಮಾ!” ಎನ್ನುತ್ತಿದ್ದರು. ನೀಲವ್ವನೂ ಬೆರಗಾಗಿ ನಗುತ್ತಿದ್ದಳು. ಆ ನಗು ನೋಡುವಾಗ ಹೇಳಿಬಿಡಬೇಕು ಅನ್ನಿಸುತ್ತಿತ್ತು— ನಾಳೆ ಹೇಳಿದರಾಯಿತು ಅಂದುಕೊಳ್ಳುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಹೆಣ್ಣುಮಕ್ಕಳ ಕಾಲೇಜಿನವರು ಮಾಸ್ಟರನ್ನು ಕೇಳಿದರು: ನಮ್ಮ ಹುಡುಗಿಯರಿಗೆ ಆತ್ಮರಕ್ಷಣೆ ಕಲಿಸಬೇಕು, ಹೆಂಗಸೇ ಬೇಕು, ಖಾಯಂ ಕೆಲಸ. ಮಾಸ್ಟರ್ ನಮ್ಮಿಬ್ಬರನ್ನು ಕರೆದು ಕೂರಿಸಿದರು.

“ನೀಲವ್ವ ಬಂದು ಹೆಚ್ಚು ದಿನ ಆಗಿಲ್ಲ, ಆದ್ರೆ ಆ ಕೈ ನಂಗೆ ಇನ್ನೆಲ್ಲೂ ಸಿಗಲ್ಲ. ಉಮಾ ಹಳಬಳು. ಬರೋ ಭಾನುವಾರ ಇಬ್ರೂ ಎದುರುಬದುರು ನಿಲ್ಲಿ. ಯಾರು ಅಂತ ನೋಡಿ ಹೇಳ್ತೀನಿ.”

ನನಗೆ ಆ ಕೆಲಸ ಬೇಕಿತ್ತು. ಅಮ್ಮನ ಕೈಯಲ್ಲಿದ್ದ ಜಾತಕ ಯಾರದೋ ಜಾತಕಕ್ಕೆ ಹೊಂದಿಬಿಡುವ ಮುಂಚೆ ನನಗೊಂದು ಕೆಲಸ ಬೇಕಿತ್ತು. ಅವಳಿಗೂ ಬೇಕಿತ್ತು. ಕಾಲೇಜಿನ ಕೆಲಸ ಸಿಕ್ಕರೆ ಗೋಡೌನಿನ ಆ ದಾರಿಯನ್ನೇ ತುಳಿಯಬೇಕಿಲ್ಲ ಎಂದು ಅವಳೇ ನನಗೆ ಹೇಳಿದ್ದಳು. ಎರಡೂ ನನಗೆ ಗೊತ್ತಿತ್ತು. ಗೊತ್ತಿದ್ದೇ—

ಆ ಭಾನುವಾರಕ್ಕೆ ಮುಂಚಿನ ಸಂಜೆ ತರಗತಿ ಮುಗಿಸಿ ಕೆಳಗಿಳಿದೆವು. ರಸ್ತೆಯ ತಿರುವಿನಲ್ಲಿ ಕಬ್ಬಿನ ಹಾಲಿನ ಗಾಡಿ. ಇಬ್ಬರೂ ಲೋಟ ಹಿಡಿದು ನಿಂತಿದ್ದೆವು. ಅವಳು ಕುಡಿಯಲಿಲ್ಲ.

“ಉಮಾ, ಒಂದ ಮಾತ ಕೇಳ್ತೀನಿ, ಖರೇ ಹೇಳಬೇಕ. ನನ್ನ ಹೊಡ್ತ ಒಂದೂ ನಿನಗ ಬೀಳವಲ್ದು. ನಾ ಏನ್ ತಪ್ಪ ಮಾಡಾಕತ್ತೀನಿ?”

ಗಾಡಿಯವನು ಯಂತ್ರ ತಿರುಗಿಸುತ್ತಿದ್ದ, ಗೆಜ್ಜೆ ಸದ್ದಾಗುತ್ತಿತ್ತು. ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. ಒಂದೇ ವಾಕ್ಯ ಸಾಕಿತ್ತು.

“ತಪ್ಪೇನಿಲ್ಲ ಕಣೇ,” ಅಂದೆ. “ನಿನ್ನ ಕೈ ನಿಧಾನ, ಅಷ್ಟೇ. ನೋಡೋರಿಗೆ ಜೋರು ಅನ್ಸುತ್ತೆ, ಎದುರಿಗೆ ನಿಂತ್ರೆ ಗೊತ್ತಾಗುತ್ತೆ. ಸ್ಪೀಡ್ ಅನ್ನೋದು ಹುಟ್ತಾನೇ ಬರ್ಬೇಕು. ಏನ್ ಮಾಡೋಕಾಗುತ್ತೆ.”

ಅವಳು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. “ಹಂಗಾ,” ಅಂದಳು. ಆಮೇಲೆ ಕಬ್ಬಿನ ಹಾಲು ಕುಡಿದಳು.

ಭಾನುವಾರ ನಾವು ಎದುರುಬದುರು ನಿಂತಾಗ ಅವಳು ಆಗಲೇ ಸೋತಿದ್ದಳು. ಕೈ ನಿಧಾನ ಎಂದು ನಂಬಿದವಳು ಆ ಕೊರತೆಯನ್ನು ಬಲದಿಂದ ತುಂಬಲು ಹೊರಟಳು. ಭುಜ ಬಿಗಿಯಾಯಿತು, ಇದ್ದ ವೇಗವೂ ಹೋಯಿತು. ನಾನು ಗಂಟಲು ನೋಡುವ ಅಗತ್ಯವೇ ಬೀಳಲಿಲ್ಲ. ಮಾಸ್ಟರ್ ನನ್ನ ಹೆಸರು ಹೇಳಿದರು. ನೀಲವ್ವ ಬಂದು ನನ್ನ ಎರಡೂ ಕೈ ಹಿಡಿದು, “ಚಲೋ ಆತು ನೋಡ್” ಎಂದಳು. ಮನಸಾರೆ ಹೇಳಿದಳು. ಎಲ್ಲರೂ ಹೋದ ಮೇಲೆ ಮಾಸ್ಟರ್ ನನ್ನನ್ನು ನಿಲ್ಲಿಸಿಕೊಂಡು, “ಅವಳಲ್ಲಿ ನೀನು ಏನೋ ನೋಡ್ಕೊಂಡು ತಡೀತಿದ್ದೆ. ಏನದು?” ಎಂದರು.

“ಏನಿಲ್ಲ ಮಾಸ್ಟರ್,” ಅಂದೆ.

ಇಷ್ಟರಲ್ಲೇ ಮುಗಿದಿದ್ದರೆ ಇದನ್ನು ಒಂದು ಕೆಲಸಕ್ಕಾಗಿ ಆಡಿದ ಸುಳ್ಳು ಅಂದುಕೊಂಡು ಮರೆಯಲು ನೋಡುತ್ತಿದ್ದೆನೋ ಏನೋ. ಕೆಲವು ವಾರಗಳ ನಂತರ ನೀಲವ್ವ ತಾರಸಿಗೆ ಬಂದಳು, ಬಲ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಗೋಡೌನಿನ ಹತ್ತಿರ ಆ ಮನುಷ್ಯ ಅವಳ ಹೆಗಲ ಮೇಲೆ ಕೈ ಹಾಕಿದ್ದ. ಅವಳು ತಿರುಗಿ ಹೊಡೆದಿದ್ದಳು. ಏಟು ಅವನಿಗೆ ಮುಟ್ಟಲಿಲ್ಲ. ಗಾಳಿಯಲ್ಲೇ ಅವಳ ಮಣಿಕಟ್ಟು ಹಿಡಿದು ತಿರುಚಿ, ‘ಇದೇನು ಆಟ’ ಎಂದು ನಕ್ಕಿದ್ದ. ಪಕ್ಕದ ವೆಲ್ಡಿಂಗ್ ಅಂಗಡಿಯವರು ಕೂಗುತ್ತ ಓಡಿಬಂದದ್ದರಿಂದ ಬಿಟ್ಟು ಓಡಿದ.

ಮಾಸ್ಟರ್ ಅಂದು ಬಂದಿರಲಿಲ್ಲ. ಅವಳು ನನ್ನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಳು.

“ನೀ ಮೊದಲ ಹೇಳಿದ್ದಿ,” ಅಂದಳು. “ನನ್ನ ಕೈ ನಿಧಾನ ಅಂತ. ನಾನ ಮರ್ತ ಹೊಡ್ಯಾಕ ಹೋದೆ.”

ಅವಳು ನನ್ನನ್ನು ದೂರಲಿಲ್ಲ. ತನ್ನನ್ನೇ ದೂರಿಕೊಂಡಳು, ನನ್ನ ಮಾತು ಕೇಳದೆ ಹೋದದ್ದಕ್ಕೆ. ಆಗಲಾದರೂ— ಆ ಮೆಟ್ಟಿಲ ಮೇಲೆ, ಊದಿದ ಆ ಕೈಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ಮುಲಾಮು ಹಚ್ಚುತ್ತಿರುವಾಗಲಾದರೂ ಹೇಳಬಹುದಿತ್ತು. ಕೆಲಸ ಆಗಲೇ ನನ್ನದಾಗಿತ್ತು, ಹೇಳಿದ್ದರೆ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ, ಅವಳ ಸ್ನೇಹವೊಂದನ್ನು ಬಿಟ್ಟು. ನಾನು ಮುಲಾಮು ಹಚ್ಚಿದೆ. ಬಟ್ಟೆ ಬಿಗಿಯಾಗಿ ಸುತ್ತಿದೆ. “ಹುಷಾರಾಗಿರು” ಅಂದೆ. ಕಬ್ಬಿನ ಗಾಡಿಯ ಮುಂದೆ ಆಡಿದ ಸುಳ್ಳಿಗಿಂತ ಈ ‘ಹುಷಾರಾಗಿರು’ ನನ್ನನ್ನು ಹೆಚ್ಚು ಕಾಡಿದೆ.

ಅವಳು ಮತ್ತೆ ಬರಲಿಲ್ಲ. ಅಣ್ಣ ಗಾರ್ಮೆಂಟ್ಸ್ ಬಿಡಿಸಿ ಮನೆ ಬದಲಾಯಿಸಿದನೆಂದು ಅವಳ ಜೊತೆ ಕೆಲಸ ಮಾಡುತ್ತಿದ್ದವಳೊಬ್ಬಳಿಂದ ತಿಳಿಯಿತು. ನಾನು ವಿಳಾಸ ಕೇಳಲಿಲ್ಲ.

ವರ್ಷಗಳು ಹೋದವು. ಕಾಲೇಜಿನಲ್ಲಿ ಕಲಿಸಿದೆ, ಆಮೇಲೆ ಭಾನುವಾರಗಳಂದು ವಿಜಯನಗರದ ಒಂದು ಶಾಲೆಯ ಅಂಗಳದಲ್ಲಿ ನನ್ನದೇ ತರಗತಿ ಶುರುಮಾಡಿದೆ. ನಾನು ಕೆಟ್ಟ ಶಿಕ್ಷಕಿಯಲ್ಲ. ಸುಳಿವು ಕೊಡಬೇಡಿ, ಸುಳಿವು ಕೊಡಬೇಡಿ ಎಂದು ಮಾಸ್ಟರ್ ಮಾತನ್ನೇ ಹೇಳುತ್ತ ಎಷ್ಟೋ ಹುಡುಗಿಯರ ಭುಜ ಸಡಿಲ ಮಾಡಿದ್ದೇನೆ. ಒಳ್ಳೆಯ ಕೆಲಸ ಮಾಡುತ್ತಿದ್ದರೆ ಹಳೆಯದು ತಾನೇ ಸವೆದುಹೋಗುತ್ತದೆ ಎಂದು ನಂಬಿಕೊಂಡಿದ್ದೆ.

ಹೋದ ವರ್ಷ ಕಾವ್ಯ ಎಂಬ ಹೈಸ್ಕೂಲು ಹುಡುಗಿ ಸೇರಿದಳು. ಒಂದು ಬೆಳಿಗ್ಗೆ ಅವಳ ಎದುರು ನಿಂತೆ. ಅವಳ ಗಂಟಲು ಮೇಲಕ್ಕೆ ಹೋಗಿ ಇಳಿಯಿತು; ಆಮೇಲೆ ಏಟು ಬಂತು. ನನ್ನ ಕೈ ತಾನಾಗಿಯೇ ಅದನ್ನು ತಡೆಯಿತು. ಬಾಯಿಯೂ ತಾನಾಗಿಯೇ ಮಾತಾಡಿತು.

“ಕಾವ್ಯ, ಹೊಡಿಯೋಕೆ ಮುಂಚೆ ಎಂಜಲು ನುಂಗ್ತಿದೀಯ ಕಣಮ್ಮ. ಮೆಲ್ಲಗೆ ಉಸಿರು ಬಿಡ್ತಾ ಇರು. ಬಿಡ್ತಾ ಇರೋವಾಗ್ಲೇ ಕೈ ಕಳ್ಸು. ಉಸಿರು ಬಿಡ್ತಾ ಯಾರಿಗೂ ನುಂಗೋಕಾಗಲ್ಲ.”

ಅವಳು ಪ್ರಯತ್ನಿಸಿದಳು. ನಾಲ್ಕಾರು ಸಲ ತಪ್ಪಿತು, ನಗು ಬಂತು, ಮತ್ತೆ ನಿಂತಳು. ಅದೇ ತಿಂಗಳು ಅವಳ ಏಟು ನನ್ನ ಗಲ್ಲಕ್ಕೆ ತಾಗಿತು. “ಸಾರಿ ಮೇಡಂ!” ಎಂದು ಬಾಯಿ ಮುಚ್ಚಿಕೊಂಡಳು. ನಾನು ಅಂಗಳದ ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಎಷ್ಟೋ ಹೊತ್ತು ಅಲ್ಲೇ ಬಗ್ಗಿ ನಿಂತಿದ್ದೆ. ಇಷ್ಟೇ ಇತ್ತು. ನೀಲವ್ವನಿಗೆ ಬೇಕಿದ್ದದ್ದು ಇಷ್ಟೇ.

ಅವಳನ್ನು ಹುಡುಕಲು ಕಷ್ಟವೇ ಆಗಲಿಲ್ಲ, ಅದೂ ನನಗೆ ನಾಚಿಕೆಯ ವಿಷಯ. ನಾಯಂಡಹಳ್ಳಿಯ ಆ ಗಾರ್ಮೆಂಟ್ಸ್‌ನ ಗೇಟಿನ ಮುಂದೆ ನಿಂತು ಹಳಬರನ್ನು ಕೇಳಿದೆ. “ನೀಲವ್ವನಾ? ನಾಗರಬಾವೀಲಿ ರೊಟ್ಟಿ ಅಂಗಡಿ ಇಟ್ಟವ್ಳೆ, ಕಾಲೇಜು ಹುಡುಗ್ರೆಲ್ಲ ಅಲ್ಲೇ ಊಟ ಮಾಡೋದು,” ಎಂದು ಒಬ್ಬಾಕೆ ದಾರಿ ಹೇಳಿದಳು.

ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಹೋದೆ. ಸಣ್ಣ ಅಂಗಡಿ. ಒಳಗೆ ಇಬ್ಬರು ಹೆಂಗಸರು ತವಾದ ಮುಂದೆ. ಹಿಟ್ಟಿನ ಕೈಯಲ್ಲೇ ಹೊರಗೆ ಬಂದ ನೀಲವ್ವ ನನ್ನನ್ನು ನೋಡಿ ಒಂದು ಕ್ಷಣ ಕಣ್ಣು ಕಿರಿದು ಮಾಡಿದಳು.

“ಉಮಾ! ಯವ್ವಾ, ಎಷ್ಟ ದಪ್ಪ ಆಗೀಯೇ!”

ನನ್ನನ್ನು ಎಳೆದು ಕೂರಿಸಿದಳು. ತಟ್ಟೆಗೆ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. “ಉಣ್ಣು ಮೊದಲ. ಮಾತ ಆಮ್ಯಾಲ.”

“ಇಲ್ಲ ನೀಲವ್ವ,” ಅಂದೆ. “ಮೊದಲು ಹೇಳ್ತೀನಿ. ಕೇಳಿದ್ಮೇಲೆ ನಂಗೆ ಊಟ ಹಾಕೋದೋ ಬೇಡ್ವೋ ಅಂತ ನೀನೇ ನೋಡು.”

ಹೇಳಿದೆ. ಗಂಟಲು, ಕಬ್ಬಿನ ಗಾಡಿ, ಮಾಸ್ಟರ್ ಕೇಳಿದ ಪ್ರಶ್ನೆ, ಮೆಟ್ಟಿಲ ಮೇಲೆ ಹಚ್ಚಿದ ಮುಲಾಮು— ಒಂದನ್ನೂ ಬಿಡದೆ. ಅವಳ ಕೈ ಮೆಲ್ಲಗೆ ತನ್ನ ಗಂಟಲಿಗೆ ಹೋಯಿತು. ಅಲ್ಲಿ ಹಿಟ್ಟಿನ ಗುರುತು ಉಳಿಯಿತು.

“ನುಂಗತಿದ್ದೆ?”

“ಹೂಂ.”

“ದರಾ ಸಲನೂ?”

“ಪ್ರತಿ ಸಲವೂ.”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಆ ಇಬ್ಬರೂ ಕೇಳಿಸಿಕೊಳ್ಳುತ್ತಿದ್ದರು.

“ಅವಗೂ ಅದ ಕಂಡಿರಬೇಕಲಾ,” ಅಂದಳು ಕೊನೆಗೆ. “ಆ ಗೋಡೌನಿನವಗ.”

“ಗೊತ್ತಿಲ್ಲ. ಕಂಡಿರ್ಬಹುದು.”

ಅವಳು ಎದ್ದು ನಿಂತಳು. ದನಿ ಏರಿಸಲಿಲ್ಲ. “ನಾ ಇವತ್ತಿಗೂ ಒಬ್ಬಾಕಿನ ಎಲ್ಲೀನೂ ಹೋಗಂಗಿಲ್ಲ, ಗೊತ್ತೇನ ನಿನಗ? ಮಾರ್ಕೆಟ್ಟಿಗೆ ಹೋಗಬೇಕಂದ್ರೂ ಇವರ್‍ಯಾರನ್ನರ ಜೋಡಿ ಕರ್ಕೊಂಡ ಹೋಗ್ತೀನಿ. ಏನರ ಆದ್ರ ನನ್ನ ಕೈಲೆ ಏನೂ ಆಗಂಗಿಲ್ಲ ಅಂತ. ಇಷ್ಟ ವರ್ಷ. ನೀ ಹೇಳಿದ ಒಂದ ಮಾತಿಗೆ.”

‘ತಪ್ಪಾಯ್ತು’ ಎಂದೆ. ಆ ಮಾತು ಆ ಸಣ್ಣ ಅಂಗಡಿಯಲ್ಲೂ ಪುಟ್ಟದಾಗಿ ಕೇಳಿಸಿತು.

“ನಂಗಷ್ಟ ಬಂದ ಹೇಳಿದ್ರ ಹಗರ ಆಗೂದು ನಿನಗ. ನನಗೇನ ಬಂತು?” ಅಂದಳು. “ಹುಡುಗ್ಯಾರಿಗೆ ಕಲಸ್ತಿ ಅಲಾ, ಅವರ ಮುಂದ ಹೇಳು.”

ಆಗಲಿ ಎಂದು ಎದ್ದೆ. ಅವಳು ನನ್ನ ಭುಜ ಹಿಡಿದು ಮತ್ತೆ ಕೂರಿಸಿದಳು, ಸ್ವಲ್ಪ ಒರಟಾಗಿಯೇ. “ಈಗ ಉಣ್ಣು. ಬಡಿಸಿದ ತಾಟ ತಿರುಗಿ ಒಯ್ಯಂಗಿಲ್ಲ ನಾವು.”

ಅವಳೆದುರು ಕೂತು ಪೂರ್ತಿ ಊಟ ಮಾಡಿದೆ. ಅವಳು ಬೇರೆ ಕಡೆ ನೋಡುತ್ತ ಬಡಿಸಿದಳು.

ಹುಡುಗಿಯರ ಮುಂದೆ ಹೇಳಲು ಧೈರ್ಯ ಬರಲಿಲ್ಲ, ಹಲವು ಭಾನುವಾರಗಳು ಹೋದವು. ತರಗತಿ ಮುರಿದುಬಿದ್ದರೆ? ಕಾಲೇಜಿಗೆ ಗೊತ್ತಾದರೆ? ಮೊದಲು ಮಾಸ್ಟರ್‌ಗೆ ಫೋನ್ ಮಾಡಿದೆ. ಅವರು ಕೆಲಸ ಬಿಟ್ಟು ಕುಣಿಗಲ್ ಕಡೆಯ ತಮ್ಮೂರಿಗೆ ಹೋಗಿ ನೆಲೆಸಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು. “ನಾನು ಪಕ್ಕದಲ್ಲಿ ನಿಂತು ನೋಡ್ತಿದ್ದೆ ಕಣಮ್ಮ. ಎದುರಿಗೂ ನಿಂತು ನೋಡ್ಬೇಕಿತ್ತು,” ಎಂದರು. ಅವರು ಒಂದಿಷ್ಟು ಭಾರ ತಮ್ಮ ಮೇಲೆ ಎಳೆದುಕೊಂಡರು. ಅದು ಅವರ ದೊಡ್ಡತನ. ಅದರಿಂದ ನನ್ನದೇನೂ ಕಡಿಮೆಯಾಗುವುದಿಲ್ಲ. ಫೋನ್ ಇಡುವಾಗ ಅವರು, “ಹೇಳ್ಬಿಡು ಉಮಾ, ಇನ್ನೂ ತಡ ಮಾಡ್ಬೇಡ,” ಎಂದರು. ಮಾರನೆಯ ದಿನವೇ ನಾಗರಬಾವಿಗೆ ಹೋಗಿ, “ಈ ಭಾನುವಾರ” ಎಂದು ನೀಲವ್ವನಿಗೆ ಹೇಳಿ ಬಂದೆ. ಅವಳು ತಲೆಯಾಡಿಸಿದಳು, ಅಷ್ಟೇ.

ಆ ಬೆಳಿಗ್ಗೆ ಅವಳು ಬಂದಳು. ಒಬ್ಬಳೇ ಬಂದಿರಲಿಲ್ಲ; ಅಂಗಡಿಯ ಒಬ್ಬ ಹೆಂಗಸು ಜೊತೆಗಿದ್ದಳು. ಮಕ್ಕಳನ್ನು ಬಿಡಲು ಬಂದ ತಂದೆತಾಯಂದಿರ ನಡುವೆ ಶಾಲೆಯ ಜಗಲಿಯ ಮೇಲೆ ಕೂತಳು. ನಾನು ಹುಡುಗಿಯರನ್ನೆಲ್ಲ ಕೂರಿಸಿ ನಡೆದದ್ದನ್ನು ಹೇಳಿದೆ. ಒಬ್ಬ ತಂದೆ ಎದ್ದು ಮಗಳ ಕೈ ಹಿಡಿದು ಹೊರಟುಹೋದರು. ಅವರನ್ನು ತಡೆಯುವ ಹಕ್ಕು ನನಗಿರಲಿಲ್ಲ. ಉಳಿದವರು ಕೂತೇ ಇದ್ದರು. ಕಾವ್ಯ ನನ್ನನ್ನು ನೋಡುತ್ತಿದ್ದ ರೀತಿ ಬದಲಾಗಿತ್ತು. ಹಳೆಯ ಭಕ್ತಿ ಅದರಲ್ಲಿರಲಿಲ್ಲ, ಅದು ಹೋಗಬೇಕಾದದ್ದೇ.

ಆಗ ನೀಲವ್ವ ಜಗಲಿಯಿಂದ ಇಳಿದು, ಚಪ್ಪಲಿ ಬಿಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಸಾಲಿನ ಕೊನೆಗೆ ಹೋಗಿ ನಿಂತಳು. ಹುಡುಗಿಯರೆಲ್ಲ ತಿರುಗಿ ನೋಡಿದರು. ಕಾವ್ಯ ತಡೆದುಕೊಳ್ಳಲಾರದೆ ಕೇಳಿಯೇಬಿಟ್ಟಳು.

“ಆಂಟಿ, ನಿಮ್ಗೆ ಮೇಡಂ ಮೇಲೆ ಕೋಪ ಇಲ್ವಾ?”

“ಐತಿ,” ಅಂದಳು ನೀಲವ್ವ. “ಹೋಗಿಲ್ಲ ಅದು. ಕೋಪ ಐತಿ ಅಂತ ಕಲಿಯೂದ ಬಿಡ್ಲೇನ?”

ಆಮೇಲೆ ಕೈಗಳನ್ನು ಎತ್ತಿ ನನ್ನ ಕಡೆ ತಿರುಗಿದಳು.

“ಬಾ, ಎದುರಿಗೆ ನಿಂದ್ರು. ಏನ್ ಕಂಡ್ರೂ ಹೇಳು. ಈ ಸಲ ಒಂದೂ ಬಚ್ಚಿಡಬ್ಯಾಡ.”

ಹೋಗಿ ನಿಂತೆ.